ಜಗಲಿಯಲ್ಲಿ ಕೂತ ಆ್ಯಪ್‌ಗಳು: ನನ್ನ ಫ್ಲಾಟ್‌ಪ್ಯಾಕ್ ಟಿಪ್ಪಣಿ

ಫ್ಲಾಟ್‌ಪ್ಯಾಕ್ ಅಂದರೆ ಲಿನಕ್ಸ್ ಕಂಪ್ಯೂಟರಿಗೆ ಆ್ಯಪ್ ಹಾಕಿಕೊಳ್ಳುವ ಒಂದು ವಿಧಾನ. ಹೋದ ವಾರ ಮೂರು ಸಂಜೆ ಅದರ ಒಂದೇ ಸಮಸ್ಯೆಗೆ ತಲೆ ಕೆಡಿಸಿಕೊಂಡೆ. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಅಷ್ಟು ನಿಮಗೆ ಗೊತ್ತೇ ಇರುತ್ತದೆ.

ಯಾಕೆ ಬೇಕಾಯಿತು

ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. "ನಿಂಗೆ ಕಂಪ್ಯೂಟರ್ ಬತ್ತಲ, ಒಂದು ವೆಬ್‌ಪುಟ ಮಾಡ್ಕೊಡು" ಅಂದಳು. ಹೂಂ ಅಂದುಬಿಟ್ಟೆ. ಫೋಟೋ ತಿದ್ದಲು ಗಿಂಪ್ ಎಂಬ ಪ್ರೋಗ್ರಾಮ್ ಬೇಕಿತ್ತು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿರುವುದು ಡೆಬಿಯನ್ 12 ಎಂಬ ಲಿನಕ್ಸ್. ನಂಬಿಕಸ್ಥ, ಆದರೆ ಹೊಸ ಆವೃತ್ತಿಗಳನ್ನು ಬೇಗ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಸಿಗುವುದು ಗಿಂಪ್ 2.10. ಗಿಂಪ್ 3.0 ಬಂದದ್ದು 2025ರ ಮಾರ್ಚ್‌ನಲ್ಲಿ, ನನಗೆ ಬೇಕಿದ್ದದ್ದು ಅದು.

ಹೊಸ ಗಿಂಪ್‌ಗೆ ಹೊಸ ಲೈಬ್ರರಿಗಳು, ಅಂದರೆ ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್, ಬೇಕು. ಆ ಲೈಬ್ರರಿಗಳನ್ನೇ ಸಿಸ್ಟಮ್‌ನ ಬೇರೆ ಪ್ರೋಗ್ರಾಮ್‌ಗಳೂ ಬಳಸುತ್ತಿರುತ್ತವೆ. ಒಂದಕ್ಕೋಸ್ಕರ ಅದನ್ನು ಬದಲಾಯಿಸಿದರೆ ಇನ್ನೊಂದು ಮುರಿಯಬಹುದು. ಫ್ಲಾಟ್‌ಪ್ಯಾಕ್ ಈ ಜಗಳವನ್ನೇ ತಪ್ಪಿಸುತ್ತದೆ. ಆ್ಯಪ್ ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ. ಹಲವು ಆ್ಯಪ್‌ಗಳಿಗೆ ಸಮಾನವಾಗಿ ಬೇಕಾದವು ರನ್‌ಟೈಮ್ ಎಂಬ ಕಟ್ಟಿನಲ್ಲಿ ಒಟ್ಟಿಗೆ ಬರುತ್ತವೆ. ಡೆಬಿಯನ್ ಇರಲಿ, ಫೆಡೋರಾ ಇರಲಿ, ಮಿಂಟ್ ಇರಲಿ, ಅದೇ ಪ್ಯಾಕೇಜ್ ಓಡುತ್ತದೆ.

ಇದನ್ನು ಶುರು ಮಾಡಿದ್ದು ಅಲೆಕ್ಸಾಂಡರ್ ಲಾರ್ಸನ್. ಮೊದಲ ಹೆಸರು ಎಕ್ಸ್‌ಡಿಜಿ-ಆ್ಯಪ್. 2016ರಲ್ಲಿ ಫ್ಲಾಟ್‌ಪ್ಯಾಕ್ ಆಯಿತು, 2018ರ ಆಗಸ್ಟ್‌ನಲ್ಲಿ 1.0 ಬಂತು. ಬಿಡಿ ಹಲಗೆಗಳಾಗಿ ಚಪ್ಪಟೆ ಡಬ್ಬದಲ್ಲಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಮೇಜು, ಕಪಾಟು ಇರುತ್ತವಲ್ಲ, ಹೆಸರು ಅಲ್ಲಿಂದ ಬಂದದ್ದು.

ಇದೇ ಕೆಲಸಕ್ಕೆ ಉಬುಂಟು ಕಡೆಯವರದ್ದು ಸ್ನ್ಯಾಪ್. ಆ್ಯಪ್‌ಇಮೇಜ್ ಇನ್ನೊಂದು ದಾರಿ: ಒಂದೇ ಫೈಲ್, ಓಡಿಸುವ ಅನುಮತಿ ಕೊಟ್ಟು ಕ್ಲಿಕ್ ಮಾಡಿದರೆ ಆಯಿತು, ಆದರೆ ತನ್ನಷ್ಟಕ್ಕೆ ಅದರಲ್ಲಿ ಸ್ಯಾಂಡ್‌ಬಾಕ್ಸ್ (ಆ್ಯಪನ್ನು ಉಳಿದ ಸಿಸ್ಟಮ್‌ನಿಂದ ಬೇರೆ ಇಡುವ ಬೇಲಿ) ಇಲ್ಲ. ನಾನು ಫ್ಲಾಟ್‌ಪ್ಯಾಕ್ ಮಾತ್ರ ನೆಟ್ಟಗೆ ಬಳಸಿದ್ದೇನೆ, ಹಾಗಾಗಿ ಉಳಿದದ್ದು ಬಿಡಿ.

ಹಾಕಿಕೊಳ್ಳುವುದು

ಡೆಬಿಯನ್‌ನಲ್ಲಿ ಅದರದ್ದೇ ಇನ್‌ಸ್ಟಾಲ್ ಕಮಾಂಡ್ ಆದ ಆ್ಯಪ್ಟ್ ಮೂಲಕ ಫ್ಲಾಟ್‌ಪ್ಯಾಕ್ ಹಾಕಿಕೊಳ್ಳಿ, ಆ್ಯಪ್‌ಗಳು ಸಿಗುವ ಫ್ಲ್ಯಾಟ್‌ಹಬ್ ಭಂಡಾರವನ್ನು ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಕೊನೆಯದನ್ನು ಮಾಡದಿದ್ದರೆ ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಮೆನುವಿನಲ್ಲಿ ಮಾತ್ರ ಕಾಣುವುದಿಲ್ಲ. ಪ್ರತಿ ಆ್ಯಪ್‌ಗೂ ಚುಕ್ಕಿ ಹಾಕಿದ ಉದ್ದ ಹೆಸರಿದೆ. ಗಿಂಪ್‌ನದ್ದು ಆರ್ಗ್, ಚುಕ್ಕಿ, ಗಿಂಪ್, ಚುಕ್ಕಿ, ಗಿಂಪ್. ಕೊನೆಯ ಗಿಂಪ್ ದೊಡ್ಡ ಅಕ್ಷರದಲ್ಲಿ.

ಒಂದು ಎಚ್ಚರಿಕೆ. ಮೊದಲ ಆ್ಯಪ್ ಹಾಕುವಾಗ ರನ್‌ಟೈಮ್ ಕೂಡ ಬರುತ್ತದೆ. ನೂರಾರು ಎಂಬಿ. ದಿನದ ಡೇಟಾ ಅಲ್ಲಿಗೇ ಖಾಲಿ ಆಗಬಹುದು. ಅದೇ ರನ್‌ಟೈಮ್ ಬಳಸುವ ಎರಡನೇ ಆ್ಯಪ್‌ಗೆ ಅಷ್ಟು ಬೇಕಾಗುವುದಿಲ್ಲ.

ಚಿತ್ರಗಳು ಎಲ್ಲಿ ಹೋದವು?

ಗಿಂಪ್ 3 ಬಂತು, ಖುಷಿ ಆಯಿತು. ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಹಳೇ ಇಎಸ್‌ಆರ್ (ದೀರ್ಘಕಾಲ ಬೆಂಬಲ ಇರುವ) ಆವೃತ್ತಿ ಇತ್ತು. ಹುರುಪಿನಲ್ಲಿ ಅದನ್ನೂ ತೆಗೆದು ಫ್ಲ್ಯಾಟ್‌ಹಬ್‌ನದ್ದು ಹಾಕಿದೆ. ತಲೆನೋವು ಶುರುವಾದದ್ದು ಇಲ್ಲಿಂದ.

ಡಾಕ್ಯುಮೆಂಟ್ಸ್ ಒಳಗೆ "ಮಿಡಿ" ಅಂತ ಒಂದು ಫೋಲ್ಡರ್. ಅದರಲ್ಲಿ ಎಚ್‌ಟಿಎಂಎಲ್ ಪುಟ, ಪಕ್ಕದಲ್ಲೇ ಬಣ್ಣ, ವಿನ್ಯಾಸ ಹೇಳುವ ಸಿಎಸ್ಎಸ್ ಫೈಲ್, ನಾಲ್ಕು ಫೋಟೋ. ಪುಟದ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಅಕ್ಷರಗಳು ಬಂದವು. ಬಣ್ಣ ಇಲ್ಲ, ಫೋಟೋ ಇಲ್ಲ. ನನ್ನದೇ ತಪ್ಪು ಅಂದುಕೊಂಡೆ. ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡಿದೆ. ಟ್ಯಾಗ್‌ಗಳನ್ನು ಅಳಿಸಿ ಮತ್ತೆ ಬರೆದೆ. ಮೊದಲ ಸಂಜೆ ಹೀಗೆ ಹೋಯಿತು. ಮಧ್ಯೆ ಒಮ್ಮೆ ಕರೆಂಟೂ ಹೋಯಿತು, ಅದು ಬೇರೆ ಮಾತು.

ಎರಡನೇ ಸಂಜೆ ಸುಮ್ನೆ ಆ ಫೋಲ್ಡರನ್ನೇ ಡೌನ್‌ಲೋಡ್ಸ್‌ಗೆ ನಕಲು ಮಾಡಿ ತೆರೆದೆ. ಎಲ್ಲ ಸರಿ! ಬಣ್ಣ, ಫೋಟೋ, ಎಲ್ಲ. ಡಾಕ್ಯುಮೆಂಟ್ಸ್‌ನಲ್ಲಿ ಇದ್ದದ್ದು ಮಾತ್ರ ಬೋಳು. ಒಂದಕ್ಷರ ವ್ಯತ್ಯಾಸ ಇಲ್ಲ. ಇದು ಇನ್ನೂ ಜಾಸ್ತಿ ಸಿಟ್ಟು ತರಿಸಿತು.

ಮೂರನೇ ಸಂಜೆ ಅಡ್ರೆಸ್ ಬಾರ್ ಕಡೆ ಕಣ್ಣು ಹೋಯಿತು. ಡೌನ್‌ಲೋಡ್ಸ್‌ನ ಪುಟಕ್ಕೆ ಅದರ ನಿಜವಾದ ವಿಳಾಸವೇ ಇತ್ತು. ಡಾಕ್ಯುಮೆಂಟ್ಸ್‌ನ ಪುಟಕ್ಕೆ ಬೇರೆಯೇ ಇತ್ತು: ರನ್, ಯೂಸರ್, 1000, ಡಾಕ್, ಆಮೇಲೆ ಅರ್ಥವಿಲ್ಲದ ಅಕ್ಷರ ಮತ್ತು ಅಂಕಿಗಳು, ಕೊನೆಯಲ್ಲಿ ನನ್ನ ಫೈಲ್ ಹೆಸರು. ಇಂಥ ಫೋಲ್ಡರ್ ನಾನು ಮಾಡೇ ಇಲ್ಲವಲ್ಲ!

ಈಗ ನಿಧಾನವಾಗಿ ಬರೆಯುತ್ತೇನೆ, ನಾನು ಎಡವಿದ್ದು ಇಲ್ಲೇ.

ಅಡಿಕೆ ವ್ಯಾಪಾರಿ ಮನೆಗೆ ಬಂದರೆ ಎಲ್ಲಿ ಕೂರುತ್ತಾರೆ? ಜಗಲಿಯಲ್ಲಿ. ಅಟ್ಟಕ್ಕೆ ಹತ್ತಿ ಚೀಲ ಬಿಚ್ಚುವುದಿಲ್ಲ. "ಚಾಲಿ ತೋರಿಸಿ" ಅನ್ನುತ್ತಾರೆ. ಮನೆಯವರು ಒಳಗೆ ಹೋಗಿ ಒಂದು ಬೊಗಸೆ ತಂದು ಮುಂದಿಡುತ್ತಾರೆ. ವ್ಯಾಪಾರಿಗೆ ಕಂಡದ್ದು ಆ ಬೊಗಸೆ ಅಷ್ಟೇ. ಅದರ ಪಕ್ಕದ ಚೀಲದಲ್ಲಿ ಏನಿದೆ, ಅಟ್ಟದಲ್ಲಿ ಎಷ್ಟಿದೆ, ಗೊತ್ತಿಲ್ಲ.

ಫ್ಲಾಟ್‌ಪ್ಯಾಕ್ ಆ್ಯಪ್ ಆ ವ್ಯಾಪಾರಿ. ಜಗಲಿ ಅಂದರೆ ಸ್ಯಾಂಡ್‌ಬಾಕ್ಸ್. ಬಬಲ್‌ರ‍್ಯಾಪ್ ಎಂಬ ಸಣ್ಣ ಪ್ರೋಗ್ರಾಮ್ ಕರ್ನಲ್‌ನ (ಲಿನಕ್ಸಿನ ಒಳತಿರುಳಿನ) ನೇಮ್‌ಸ್ಪೇಸ್ ಎಂಬ, ಪ್ರೋಗ್ರಾಮ್‌ಗೆ ಕಾಣುವುದನ್ನು ಮಿತಗೊಳಿಸುವ ಸೌಲಭ್ಯ ಬಳಸಿ ಅದನ್ನು ಕಟ್ಟುತ್ತದೆ. ಒಳಗಿನಿಂದ ಬೊಗಸೆ ತಂದುಕೊಡುವ ಮನೆಯವರಿಗೆ ಪೋರ್ಟಲ್ ಎಂದು ಹೆಸರು. ಫೈಲ್ ಆರಿಸುವ ಕಿಟಕಿ ತೆರೆಯುತ್ತದಲ್ಲ, ಅದು ಫೈರ್‌ಫಾಕ್ಸ್‌ನದ್ದಲ್ಲ, ಪೋರ್ಟಲ್‌ನದ್ದು. ಅದರಲ್ಲಿ ನಮಗೆ ಇಡೀ ಮನೆ ಕಾಣುತ್ತದೆ. ಫೈರ್‌ಫಾಕ್ಸ್‌ಗೆ ಕಾಣುವುದಿಲ್ಲ. ನಾವು ಆರಿಸಿದ ಒಂದು ಫೈಲನ್ನು ಪೋರ್ಟಲ್ ಆ ವಿಚಿತ್ರ ವಿಳಾಸದಲ್ಲಿ ತಂದಿಡುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೂ ಹೀಗೇ. ಎಚ್‌ಟಿಎಂಎಲ್ ಪುಟ ಜಗಲಿಗೆ ಬಂತು, ಅದರ ಪಕ್ಕದ ಫೋಟೋಗಳು ಅಟ್ಟದಲ್ಲೇ ಉಳಿದವು.

ಹಾಗಾದರೆ ಡೌನ್‌ಲೋಡ್ಸ್‌ನಲ್ಲಿ ಯಾಕೆ ಸರಿ ಬಂತು? ಫೈರ್‌ಫಾಕ್ಸ್ ಪ್ಯಾಕೇಜಿಗೆ ಡೌನ್‌ಲೋಡ್ಸ್ ಫೋಲ್ಡರಿನ ಅನುಮತಿ ಮೊದಲೇ ಇರುತ್ತದೆ. ಆ ಕೋಣೆಯ ಬಾಗಿಲು ತೆರೆದೇ ಇದೆ, ತಂದುಕೊಡುವವರು ಬೇಡ. ಅದಕ್ಕೇ ಅಲ್ಲಿ ನಿಜವಾದ ವಿಳಾಸ ಕಂಡದ್ದು. ಈಗಲೂ ಅನುಮಾನ ಬಂದರೆ ನಾನು ಮೊದಲು ನೋಡುವುದು ಈ ವಿಳಾಸವನ್ನೇ. "ಡಾಕ್" ಕಂಡರೆ ಬೊಗಸೆ, ನಿಜವಾದ ವಿಳಾಸ ಕಂಡರೆ ಬಾಗಿಲು ತೆರೆದಿದೆ.

ಪರಿಹಾರ ಸುಲಭ. ಫ್ಲಾಟ್‌ಸೀಲ್ ಎಂಬ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಫೈರ್‌ಫಾಕ್ಸ್ ಆರಿಸಿ, ಫೈಲ್‌ಸಿಸ್ಟಮ್ ಭಾಗದಲ್ಲಿ ಆ ಒಂದು ಫೋಲ್ಡರಿನ ವಿಳಾಸ ಸೇರಿಸಿ. ಕೊನೆಗೆ ಒಂದರ ಮೇಲೊಂದು ಎರಡು ಚುಕ್ಕಿ (ಕೋಲನ್) ಹಾಕಿ "ಆರ್‌ಓ" ಬರೆದರೆ ಓದಬಹುದು, ತಿದ್ದುವಂತಿಲ್ಲ. ಬ್ರೌಸರಿಗೆ ಅಷ್ಟು ಸಾಕು. ಟರ್ಮಿನಲ್‌ನಲ್ಲಾದರೆ ಫ್ಲಾಟ್‌ಪ್ಯಾಕ್ ಓವರ್‌ರೈಡ್ ಕಮಾಂಡ್ ಇದೇ ಕೆಲಸ ಮಾಡುತ್ತದೆ. ಆಮೇಲೆ ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಓಡುತ್ತಿರುವ ಆ್ಯಪ್‌ಗೆ ಹೊಸ ಅನುಮತಿ ತಗಲುವುದಿಲ್ಲ. ಇದಕ್ಕೂ ಅರ್ಧ ಗಂಟೆ ಕಳೆದೆ.

ಬೇಸರಕ್ಕೆ ಇಡೀ ಹೋಮ್ ಫೋಲ್ಡರಿನ ಅನುಮತಿ ಕೊಟ್ಟುಬಿಡಬೇಡಿ. ಕೊಟ್ಟ ಮೇಲೆ ಜಗಲಿಗೆ ಅರ್ಥವೇನು? ಕೆಲವು ಪ್ಯಾಕೇಜ್‌ಗಳು ಬರುವಾಗಲೇ ಆ ಅನುಮತಿ ಹೊತ್ತು ಬರುತ್ತವೆ. ಹಾಕುವ ಮೊದಲು ಫ್ಲ್ಯಾಟ್‌ಹಬ್ ಪುಟದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಮೂಲ ತಯಾರಕರೇ ಹಾಕಿದ್ದಾದರೆ ಅಲ್ಲಿ ದೃಢೀಕರಣದ ಗುರುತೂ ಇರುತ್ತದೆ. ಇನ್ನೊಂದು ತೂತು: ಪರದೆಗೆ ಕಿಟಕಿಗಳನ್ನು ತರುವ ಹಳೇ ವ್ಯವಸ್ಥೆ ಎಕ್ಸ್11 ಬಳಸುವ ಆ್ಯಪ್, ಬೇರೆ ಕಿಟಕಿಯಲ್ಲಿ ನಾವು ಒತ್ತುವ ಕೀಲಿಗಳನ್ನು ಕದ್ದು ನೋಡಬಹುದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಅದು ಆಗುವುದಿಲ್ಲ.

ಪೆನ್‌ಡ್ರೈವ್‌ನಲ್ಲಿ ತರುವುದು

ಇದು ನನ್ನ ಮೆಚ್ಚಿನ ಉಪಾಯ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡದ ತುದಿಗೆ ಹೋಗಬೇಕು. ಭಾವ ಕಾರವಾರದಲ್ಲಿ ಇದ್ದಾನೆ, ಅವನ ಮನೆಯಲ್ಲಿ ಫೈಬರ್ ಇದೆ, ಅವನೂ ಲಿನಕ್ಸ್ ಬಳಸುತ್ತಾನೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಬೇಕಾದಾಗ ಅವನು ದೇವಿಮನೆ ಘಟ್ಟ ಹತ್ತಿ ಬರುವಾಗ ಜೇಬಿನಲ್ಲಿ ತಂದ. ಅವನ ಲ್ಯಾಪ್‌ಟಾಪೂ ನನ್ನದೂ ಒಂದೇ ಬಗೆಯ ಪ್ರೊಸೆಸರಿನವು. ಅದು ಮುಖ್ಯ.

ಮಾಡಿದ್ದು ಹೀಗೆ. ಮೊದಲು ಎರಡೂ ಕಡೆ ಫ್ಲ್ಯಾಟ್‌ಹಬ್‌ಗೆ ಕಲೆಕ್ಷನ್ ಐಡಿ (ಭಂಡಾರದ ಗುರುತಿನ ಹೆಸರು) ಹೇಳಿಕೊಡಬೇಕು. ಫ್ಲಾಟ್‌ಪ್ಯಾಕ್ ರಿಮೋಟ್-ಮಾಡಿಫೈ ಕಮಾಂಡ್, ಐಡಿ ಆರ್ಗ್, ಚುಕ್ಕಿ, ಫ್ಲ್ಯಾಟ್‌ಹಬ್, ಚುಕ್ಕಿ, ಸ್ಟೇಬಲ್ (ಸ್ಟೇಬಲ್‌ನ ಮೊದಲಕ್ಷರ ಮಾತ್ರ ದೊಡ್ಡದು). ಇದನ್ನು ಮರೆತರೆ ಮುಂದಿನ ಯಾವುದೂ ನಡೆಯುವುದಿಲ್ಲ. ಆಮೇಲೆ ಭಾವ ಒಮ್ಮೆ ಅಪ್‌ಡೇಟ್ ಮಾಡಿದ. ಅವನಲ್ಲಿ ಇಂಕ್‌ಸ್ಕೇಪ್ ಮೊದಲೇ ಇನ್‌ಸ್ಟಾಲ್ ಆಗಿತ್ತು, ಇಲ್ಲದ್ದನ್ನು ನಕಲು ಮಾಡಲು ಆಗುವುದಿಲ್ಲವಲ್ಲ. ನಂತರ ಫ್ಲಾಟ್‌ಪ್ಯಾಕ್ ಕ್ರಿಯೇಟ್-ಯುಎಸ್‌ಬಿ, ಪೆನ್‌ಡ್ರೈವಿನ ವಿಳಾಸ, ಆ್ಯಪ್‌ನ ಉದ್ದ ಹೆಸರು. ರನ್‌ಟೈಮ್ ಕೂಡ ತಾನಾಗಿಯೇ ಜೊತೆಗೆ ಹೋಗುತ್ತದೆ.

ಪೆನ್‌ಡ್ರೈವ್ ತೆರೆದರೆ ಖಾಲಿ! ಭಾವನಿಗೆ ಫೋನ್ ಮಾಡಿ ಬೈದೂ ಆಯಿತು. ಆಮೇಲೆ ಗೊತ್ತಾಯಿತು, ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, "ಚುಕ್ಕಿ ಓಎಸ್‌ಟ್ರೀ". ಅಡಗಿರುತ್ತದೆ. ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತದೆ. ನನ್ನ ಕಡೆ ಫ್ಲಾಟ್‌ಪ್ಯಾಕ್ ಇನ್‌ಸ್ಟಾಲ್ ಕಮಾಂಡಿಗೆ ಸೈಡ್‌ಲೋಡ್-ರೆಪೊ ಎಂಬ ಆಯ್ಕೆ ಸೇರಿಸಿ, ಆ ಫೋಲ್ಡರಿನ ಒಳಗಿನ "ರೆಪೊ" ತನಕ ವಿಳಾಸ ಕೊಟ್ಟೆ. ಆಯಿತು. ಪೆನ್‌ಡ್ರೈವ್‌ನಿಂದ ಬಂದರೂ ಫ್ಲ್ಯಾಟ್‌ಹಬ್‌ನ ಡಿಜಿಟಲ್ ಸಹಿಯನ್ನು ಅದು ಪರೀಕ್ಷಿಸುತ್ತದೆ. ಹಾಗಾಗಿ ದಾರಿಯಲ್ಲಿ ಯಾರೋ ಕೈ ಆಡಿಸಿದರೆ ನಡೆಯುವುದಿಲ್ಲ.

ಕ್ರಿಯೇಟ್-ಯುಎಸ್‌ಬಿ ಓಡುವಾಗ "ಪಾರ್ಶಿಯಲ್" ಅಂತ ಎಚ್ಚರಿಕೆ ಬಂದರೆ ಅದು ಭಾಷೆಯ ಫೈಲ್‌ಗಳ ವಿಷಯ. ಫ್ಲಾಟ್‌ಪ್ಯಾಕ್ ನಮ್ಮ ಸಿಸ್ಟಮ್‌ನ ಭಾಷೆಯ ಅನುವಾದಗಳನ್ನು ಮಾತ್ರ ಇಳಿಸುತ್ತದೆ. ಒಬ್ಬರ ಕಡೆ ಇಂಗ್ಲಿಷ್ ಮಾತ್ರ, ಇನ್ನೊಬ್ಬರ ಕಡೆ ಕನ್ನಡವೂ ಇದ್ದರೆ ತೊಂದರೆ ಆಗಬಹುದು. ಫ್ಲಾಟ್‌ಪ್ಯಾಕ್ ಕಾನ್ಫಿಗ್‌ನಲ್ಲಿ ಭಾಷೆಗಳನ್ನು ಎರಡೂ ಕಡೆ ಒಂದೇ ರೀತಿ ಇಟ್ಟು ಅಪ್‌ಡೇಟ್ ಮಾಡಿಕೊಳ್ಳಿ.

ಚಿಲ್ಲರೆ

ಕನ್ನಡ ಅಕ್ಷರಗಳ ಬಗ್ಗೆ ಹೆದರಿದ್ದೆ. ಬೇಡ. ಸಿಸ್ಟಮ್‌ನಲ್ಲಿರುವ ಫಾಂಟ್‌ಗಳನ್ನು ಫ್ಲಾಟ್‌ಪ್ಯಾಕ್ ಆ್ಯಪ್‌ಗಳಿಗೂ ತೋರಿಸುತ್ತದೆ.

ಜಾಗ ಕಡಿಮೆ ಆದರೆ ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್‌ಗೆ "ಅನ್‌ಯೂಸ್ಡ್" ಸೇರಿಸಿ. ಯಾರೂ ಬಳಸದ ರನ್‌ಟೈಮ್‌ಗಳು ಹೋಗುತ್ತವೆ. ಬಹಳ ಆ್ಯಪ್‌ಗಳು ಬಳಸುವ ಗ್ನೋಮ್ ರನ್‌ಟೈಮ್ ಆರು ತಿಂಗಳಿಗೊಮ್ಮೆ ಹೊಸತು ಬರುವುದರಿಂದ ಹಳೆಯವು ಸೇರಿಕೊಳ್ಳುತ್ತಲೇ ಇರುತ್ತವೆ.

ಆ್ಯಪ್‌ನ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಇರುವುದು ಹೋಮ್ ಒಳಗಿನ "ಚುಕ್ಕಿ ವಾರ್", ಅದರೊಳಗಿನ "ಆ್ಯಪ್" ಫೋಲ್ಡರಿನಲ್ಲಿ. ಹಳೇ ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್‌ಗಳು ಹೊಸದರಲ್ಲಿ ಕಾಣದೇ ಇದ್ದದ್ದೂ ಇದಕ್ಕೇ, ಎರಡರ ಮನೆಗಳೇ ಬೇರೆ. ಆ್ಯಪ್ ತೆಗೆದರೂ ಈ ಫೋಲ್ಡರ್ ಉಳಿಯುತ್ತದೆ. ಅದೂ ಹೋಗಬೇಕೆಂದರೆ ತೆಗೆಯುವಾಗಲೇ "ಡಿಲೀಟ್-ಡೇಟಾ" ಸೇರಿಸಿ. ಬ್ಯಾಕಪ್ ಮಾಡುವವರು ಈ ಫೋಲ್ಡರನ್ನು ಬಿಡಬೇಡಿ. ನಾನು ಬಿಟ್ಟಿದ್ದೆ, ಒಂದು ಮಧ್ಯಾಹ್ನ ಕೂತು ಹೊಂದಿಸಿದ ಸೆಟ್ಟಿಂಗ್‌ಗಳೆಲ್ಲ ಹೋದವು.