ಬಿಲ್ಲಿಗೆ ಬಿದಿರು ಆರಿಸುವಾಗ

ಬಿಲ್ಲು ಮಾಡುವುದನ್ನು ಕಲಿಯಲು ಬಂದವರು ಮೊದಲು ಕತ್ತಿ ಕೇಳುತ್ತಾರೆ. ನಾನು ಅವರನ್ನು ಬಿದಿರು ಮೆಳೆಯ ಮುಂದೆ ನಿಲ್ಲಿಸುತ್ತೇನೆ. ಮಳೆಗೆ ಹೊರಟ ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ, ಆದರೆ ಬಲಿಯಲು ಮೂರು ವರ್ಷವಾದರೂ ಬೇಕು. ಎಳೆಯ ಗಳಕ್ಕೆ ಬಿಳಿ ಹುಡಿ ಮೆತ್ತಿಕೊಂಡಿರುತ್ತದೆ. ಹುಡಿ ಹೋಗಿ, ಹಸಿರು ಮಾಸಿ, ಅಲ್ಲಲ್ಲಿ ಕಲ್ಲುಹೂವಿನ ಮಚ್ಚೆ ಕಾಣಿಸಿದರೆ ಅದನ್ನು ಆರಿಸಿ. ಗಳ ದಪ್ಪವಿದ್ದಷ್ಟೂ ಸೀಳಿದ ಪಟ್ಟಿ ಚಪ್ಪಟೆಯಾಗಿ ಸಿಗುತ್ತದೆ.

ಕಡಿಯುವುದು ಮಳೆ ನಿಂತ ಮೇಲೆ, ಚಳಿಗಾಲದಲ್ಲಿ. ಹೊಸ ಕಳಲೆಗಳನ್ನು ಬೆಳೆಸುವಷ್ಟರಲ್ಲಿ ಗಳದೊಳಗಿನ ಪಿಷ್ಟ ಖರ್ಚಾಗಿರುತ್ತದೆ. ಪಿಷ್ಟ ಕಡಿಮೆಯಾದರೆ ಕೊರೆಯುವ ಹುಳುವಿನ ಕಾಟವೂ ಕಡಿಮೆ. ಕೃಷ್ಣಪಕ್ಷದಲ್ಲಿ ಕಡಿಯುವ ರೂಢಿ ಹಳ್ಳಿಗಳಲ್ಲಿದೆ. ನಾನು ಪಕ್ಷಕ್ಕಿಂತ ಋತುವನ್ನು ನೋಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಪ್ಪೆ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಬಿದಿರಿನ ನಾರು ಅತ್ಯಂತ ಒತ್ತಾಗಿರುವುದು ಹೊರಸಿಪ್ಪೆಯ ಅಡಿಯಲ್ಲೇ. ಮರದ ಬಿಲ್ಲಿನಲ್ಲಿ ಬೆನ್ನಿನುದ್ದಕ್ಕೂ ಒಂದೇ ವಾರ್ಷಿಕ ಉಂಗುರ ಕಡಿಯದಂತೆ ಉಳಿಸಿಕೊಳ್ಳಲು ಹೆಣಗಬೇಕು. ಬಿದಿರು ಆ ಬೆನ್ನನ್ನು ಸಿದ್ಧವಾಗಿಯೇ ಕೊಡುತ್ತದೆ. ಅದನ್ನು ಕೆರೆಯಬೇಡಿ. ನನ್ನ ಮೊದಲ ಬಿಲ್ಲು ಗೆಣ್ಣಿನಲ್ಲೇ ಮುರಿಯಿತು. ನಯವಾಗಲೆಂದು ಹೊರಗಿನ ಉಬ್ಬನ್ನು ಉಜ್ಜಿ ಸಮ ಮಾಡಿದ್ದೆ, ನಾರು ಅಲ್ಲಿಯೇ ತುಂಡಾಗಿತ್ತು. ಕೆತ್ತುವುದೇನಿದ್ದರೂ ಹೊಟ್ಟೆಯ ಕಡೆ.

ಸೀಳುವ ಮುಂಚೆ ಗೆಣ್ಣುಗಳನ್ನೂ ಎಣಿಸಿ: ಹಿಡಿಯಿಂದ ಎರಡೂ ತೋಳುಗಳಿಗೆ ಅವು ಸರಿಸುಮಾರು ಒಂದೇ ದೂರದಲ್ಲಿ ಬರಬೇಕು. ಬುಡದ ಕಡೆಯ ತೋಳು ಸಹಜವಾಗಿ ದಪ್ಪ, ಅದನ್ನು ಹೆಚ್ಚು ತೆಳುಗೊಳಿಸದಿದ್ದರೆ ಬಿಲ್ಲು ಒಂದೇ ಕಡೆ ಬಾಗುತ್ತದೆ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ತುದಿಗಳಿಗೆ ಮೇಣ ಹಚ್ಚಿ. ಒಣಗಿತೇ ಎಂದು ಊಹಿಸಬೇಡಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆಯೇ ಕೆತ್ತನೆ. ಹಸಿ ಬಿದಿರಿನ ಬಿಲ್ಲು ಬಾಗಿದರೆ ಹಾಗೆಯೇ ಉಳಿಯುತ್ತದೆ, ಬಾಣಕ್ಕೆ ವೇಗ ಬರುವುದಿಲ್ಲ. ಒಣಗಿದ ಪಟ್ಟಿಯ ಹೊಟ್ಟೆಯನ್ನು ಕೆಂಡದ ಮೇಲೆ ತಿಳಿ ಕಂದು ಬಣ್ಣ ಬರುವವರೆಗೆ ಕಾಯಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ, ಸೊಟ್ಟಗಿದ್ದರೆ ಆಗಲೇ ನೇರ ಮಾಡಬಹುದು.

ಈ ಸಲ ಕಡಿದ ಗಳಗಳು ನನ್ನ ಅಟ್ಟದಲ್ಲಿವೆ. ಯುಗಾದಿ ಕಳೆಯುವವರೆಗೆ ಅವಕ್ಕೆ ಕತ್ತಿ ತಾಗಿಸುವುದಿಲ್ಲ.