ಉತಾರದ ಬೋಜಾ, ಕೋರ್ಟಿನ ಚಾರ್ಜ್

ಬೆಳಗಾವಿಯ ನ್ಯಾಯಾಲಯದ ಆವರಣದಲ್ಲಿ ‘ಚಾರ್ಜ್’ ಎಂಬ ಇಂಗ್ಲಿಷ್ ಪದ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಅರ್ಥಗಳಲ್ಲಿ ಓಡಾಡುತ್ತದೆ ಎಂಬುದನ್ನು ಗಮನಿಸಿದವರಿಗೆ ಅದನ್ನು ಒಂದೇ ಪದವೆನ್ನಲು ಹಿಂಜರಿಕೆಯಾದೀತು. ‘ಪೊಲೀಸರು ಚಾರ್ಜ್‌ಶೀಟ್ ಹಾಕ್ಯಾರ್ರಿ’ ಎನ್ನುತ್ತ ಒಬ್ಬ ಪಕ್ಷಗಾರ ಬರುತ್ತಾನೆ. ‘ಹೊಲದ ಮ್ಯಾಲ ಬ್ಯಾಂಕಿನವ್ರದು ಚಾರ್ಜ್ ಐತಂತ್ರಿ ಸಾಹೇಬ್ರ, ಖರೇದಿ ಆಗ್ತೈತೇನ್ರಿ?’ ಎಂದು ಇನ್ನೊಬ್ಬ ಕೇಳುತ್ತಾನೆ. ಹೊಸ ತಹಶೀಲ್ದಾರರು ಇನ್ನೂ ಚಾರ್ಜ್ ತೆಗೆದುಕೊಂಡಿಲ್ಲವೆಂಬ ಕಾರಣಕ್ಕೆ ಮೂರನೆಯವನ ಅರ್ಜಿ ನಿಂತಿರುತ್ತದೆ. ಮೊಬೈಲನ್ನು ಚಾರ್ಜಿಗೆ ಹಚ್ಚಲು ಜಾಗ ಹುಡುಕುವವರು ಬೇರೆ. ಈ ಕೊನೆಯ ಬಳಕೆಯನ್ನು ಹೇಗೆ ತಿಳಿದುಕೊಂಡರೂ ಯಾರ ಆಸ್ತಿಯೂ ಹೋಗುವುದಿಲ್ಲ. ಮೊದಲ ಎರಡರಲ್ಲಿ ತಪ್ಪು ತಿಳಿದವರು ಹೊಲವನ್ನೋ ಮರ್ಯಾದೆಯನ್ನೋ ಕಳೆದುಕೊಂಡ ಉದಾಹರಣೆಗಳು ವಕೀಲಿ ವೃತ್ತಿಯಲ್ಲಿರುವ ಎಲ್ಲರ ಬಳಿಯೂ ಇವೆ.

ಪದದ ಬೇರು ಲ್ಯಾಟಿನ್ನಿನ ‘ಕರ್ರುಸ್’, ಅಂದರೆ ಬಂಡಿ. ಬಂಡಿಗೆ ಹೇರುವ ಕ್ರಿಯೆಯನ್ನು ಹೇಳುವ ಪದವು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಬಂದೂಕಿಗೆ ತುಂಬುವ ಮದ್ದು, ಬ್ಯಾಟರಿಗೆ ತುಂಬುವ ವಿದ್ಯುತ್ತು, ಅಧಿಕಾರಿಯ ಹೆಗಲಿಗೇರುವ ಹೊಣೆ, ಗಿರಾಕಿ ತೆರಬೇಕಾದ ಹಣ, ಆರೋಪಿಯ ಮೇಲಿನ ಆಪಾದನೆ, ಜಮೀನಿನ ಮೇಲಿನ ಸಾಲ, ಇವೆಲ್ಲವೂ ಆ ಹೇರಿನಿಂದಲೇ ಬೆಳೆದ ಅರ್ಥಗಳು. ಲಾಠಿ ಚಾರ್ಜಿನ ಅರ್ಥ ಮಾತ್ರ, ಯುದ್ಧಭೂಮಿಯಲ್ಲಿ ಸೈನ್ಯವು ಎದುರಾಳಿಯ ಮೇಲೆ ನುಗ್ಗುವುದನ್ನು ಹೇಳುತ್ತ ಸ್ವಲ್ಪ ದೂರ ಸರಿದಿದೆ. ಕುತೂಹಲದ ಸಂಗತಿಯೆಂದರೆ, ‘ಉತಾರಕ್ಕ ಬೋಜಾ ಏರೈತಿ’, ಅಂದರೆ ಪಹಣಿಗೆ ಸಾಲದ ಹೊರೆ ಏರಿದೆ, ಎನ್ನುವ ನಮ್ಮ ಭಾಗದ ರೈತ, ಮರಾಠಿಯೊಂದಿಗೆ ನಾವು ಹಂಚಿಕೊಂಡಿರುವ ಆ ಪದದಲ್ಲಿ, ಇಂಗ್ಲಿಷ್ ಪದದ ಮೂಲಾರ್ಥವನ್ನೇ ನುಡಿಯುತ್ತಿರುತ್ತಾನೆ. ಸರ್ಕಾರಿ ಕನ್ನಡದ ‘ಋಣಭಾರ’ ಮತ್ತು ‘ಪ್ರಭಾರ’ಗಳಲ್ಲಿಯೂ ಭಾರವಿದೆ. ಹೀಗಾಗಿ ಕಾಗದದಲ್ಲಿ ‘ಚಾರ್ಜ್’ ಎಂದು ಕಂಡಾಗ, ಈ ಹೇರು ಯಾವುದರ ಮೇಲಿದೆ, ಅದನ್ನು ಇಳಿಸುವ ಅಧಿಕಾರ ಯಾರಿಗಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವಂತೆ ನಾನು ಪಕ್ಷಗಾರರಿಗೆ ಹೇಳುತ್ತೇನೆ.

ಜಮೀನಿನ ಮೇಲಿನ ಚಾರ್ಜನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ವಿವರಿಸುತ್ತದೆ. ಒಬ್ಬನ ಸ್ಥಿರಾಸ್ತಿಯು, ಪಕ್ಷಕಾರರ ಒಪ್ಪಂದದಿಂದಾಗಲಿ ಕಾನೂನಿನ ಬಲದಿಂದಾಗಲಿ, ಇನ್ನೊಬ್ಬನಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರವು ಅಡಮಾನದ ಮಟ್ಟಕ್ಕೆ ಹೋಗದಿದ್ದರೆ ಅದು ಚಾರ್ಜ್. ಅಡಮಾನದಲ್ಲಿ ಆಸ್ತಿಯ ಒಂದು ಹಿತಾಸಕ್ತಿಯೇ ಸಾಲ ಕೊಟ್ಟವನಿಗೆ ವರ್ಗಾವಣೆಯಾಗುತ್ತದೆ. ಚಾರ್ಜಿನಲ್ಲಿ ಏನೂ ವರ್ಗಾವಣೆಯಾಗುವುದಿಲ್ಲ. ಹಣ ಬಾರದಿದ್ದರೆ ಆ ಆಸ್ತಿಯಿಂದಲೇ ವಸೂಲು ಮಾಡಿಕೊಳ್ಳುವ ಹಕ್ಕು ಮಾತ್ರ ಅಂಟಿಕೊಂಡಿರುತ್ತದೆ. ಈ ವ್ಯತ್ಯಾಸ ಪುಸ್ತಕದ್ದೆಂದು ತೋರಬಹುದು. ಆದರೆ ಅದೇ ಕಲಮಿನ ಪ್ರಕಾರ, ಚಾರ್ಜ್ ಇರುವುದು ತಿಳಿಯದೆ ಹಣ ಕೊಟ್ಟು ಆಸ್ತಿಯನ್ನು ಕೊಂಡವನ ವಿರುದ್ಧ, ಬೇರೆ ಕಾನೂನು ಸ್ಪಷ್ಟವಾಗಿ ಹೇಳದ ಹೊರತು, ಆ ಚಾರ್ಜನ್ನು ಜಾರಿಗೊಳಿಸಲಾಗದು. ಆದ್ದರಿಂದಲೇ ಖರೇದಿಯ ವ್ಯಾಜ್ಯಗಳಲ್ಲಿ ಕೊಂಡವನಿಗೆ ವಿಷಯ ಗೊತ್ತಿತ್ತೇ, ವಿಚಾರಿಸಿದ್ದರೆ ಗೊತ್ತಾಗುತ್ತಿತ್ತೇ ಎಂಬುದರ ಸುತ್ತಲೇ ಸಾಕ್ಷ್ಯವೆಲ್ಲ ತಿರುಗುತ್ತದೆ.

ಪಿಕೆಪಿಎಸ್, ಅಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಅಥವಾ ಬ್ಯಾಂಕಿನಿಂದ ಬೆಳೆಸಾಲ ಪಡೆಯುವಾಗ ರೈತರು ಸಹಿ ಮಾಡುವ ಘೋಷಣಾಪತ್ರವು ಸಾಮಾನ್ಯವಾಗಿ ಇಂಥ ಚಾರ್ಜನ್ನೇ ಉಂಟುಮಾಡುತ್ತದೆ ಮತ್ತು ಅದು ಉತಾರದ 11ನೇ ಕಾಲಮಿನಲ್ಲಿ ಋಣವಾಗಿ ನಮೂದಾಗುತ್ತದೆ. ಸಾಲ ತೀರಿದೊಡನೆ ಬೋಜಾ ತಾನಾಗಿಯೇ ಕಡಿಮೆಯಾಗುತ್ತದೆಂದು ನಂಬಿದವರು ಬಹಳ. ಸಾಲ ತೀರುವುದು ಬ್ಯಾಂಕಿನ ಲೆಕ್ಕದಲ್ಲಿ, ಬೋಜಾ ಇಳಿಯುವುದು ಕಂದಾಯ ದಾಖಲೆಯಲ್ಲಿ. ಎರಡರ ನಡುವೆ ಸಾಲ ಬಾಕಿಯಿಲ್ಲವೆಂದು ಬ್ಯಾಂಕು ಕೊಡುವ ಬೇಬಾಕಿ ಪತ್ರವೂ ಅದನ್ನು ಆಧರಿಸಿ ಕಂದಾಯ ದಾಖಲೆಯನ್ನು ತಿದ್ದುವ ಮ್ಯುಟೇಶನ್ನೂ ಇವೆ. ತಂದೆ ತೀರಿಸಿದ ಸಾಲದ ಬೋಜಾ ಮಕ್ಕಳ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಹೊತ್ತಿಗೂ ಉತಾರದಲ್ಲಿ ಉಳಿದಿದ್ದು, ಆ ಹಳೆಯ ಖಾತೆಯ ಕಾಗದಕ್ಕಾಗಿ ಅಣ್ಣತಮ್ಮಂದಿರು ಓಡಾಡುವುದು ನಮ್ಮ ಕಡೆ ಅಪರೂಪವೇನಲ್ಲ.

ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಜನ ಇಸಿ ಎನ್ನುವ ಕಾಗದ, ಖಾಲಿ ಬಂದರೆ ಆಸ್ತಿಯೂ ಖಾಲಿ ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ. ಆ ಪತ್ರವು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಕಾನೂನಿನ ಬಲದಿಂದ ಹುಟ್ಟುವ ಚಾರ್ಜುಗಳು ಅದರಲ್ಲಿ ಕಾಣಬೇಕೆಂದಿಲ್ಲ. ಒಂದು ಉದಾಹರಣೆ, ಬೆಲೆ ಪೂರ್ತಿ ಸಿಗದೆ ಮಾರಿದವನದು: ಮಾಲೀಕತ್ವ ವರ್ಗಾವಣೆಯಾದ ಮೇಲೂ ಹಣ ಬಾಕಿಯಿದ್ದರೆ, ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಆ ಬಾಕಿಗೆ ಮಾರಿದ ಆಸ್ತಿಯ ಮೇಲೆ ಅವನಿಗೆ ಚಾರ್ಜ್ ಇರುತ್ತದೆ. ಆದರೆ ಖರೇದಿ ಪತ್ರದಲ್ಲಿ ‘ಹಣವೆಲ್ಲ ಮುಟ್ಟಿದೆ’ ಎಂದು ಬರೆಸಿಕೊಟ್ಟು, ಬಾಕಿಯನ್ನು ಬಾಯಿಮಾತಿನ ಮೇಲೆ ಬಿಟ್ಟವನು ಈ ಹಕ್ಕನ್ನು ತಾನೇ ಕುಂದಿಸಿಕೊಂಡಂತೆ. ಅಲ್ಲಿಂದ ಮುಂದೆ ಕೊಂಡ ಮೂರನೆಯವನಿಗೆ ಬಾಕಿಯ ಸುಳಿವೇ ಇರುವುದಿಲ್ಲ. ಊರಿನ ಮಾತಿನ ಮೇಲಿನ ಈ ವಿಶ್ವಾಸವನ್ನು ನಾನು ಗೌರವಿಸುತ್ತೇನೆ, ಆದರೆ ದಾವೆಯಲ್ಲಿ ಅದನ್ನು ಸಾಕ್ಷ್ಯದ ಕಾಗದದಂತೆ ನಿಶಾನೆ ಹಾಕಿ ಹಾಜರುಪಡಿಸಲು ಬರುವುದಿಲ್ಲ.

ಸ್ಥಳೀಯ ಸಂಸ್ಥೆಯ ತೆರಿಗೆ ಬಾಕಿಯದೂ ಇದೇ ಬಗೆ. 1971ರಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ, ಹರಾಜಿನಲ್ಲಿ ಆಸ್ತಿ ಕೊಂಡವನಿಗೆ ಹಿಂದಿನ ಮಾಲೀಕನ ತೆರಿಗೆ ಬಾಕಿಯ ಅರಿವಿರದಿದ್ದುದರಿಂದ ಪಾಲಿಕೆಯ ಚಾರ್ಜ್ ಅವನ ವಿರುದ್ಧ ನಿಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಕೊಂಡವನ ಪರವಾಗಿದ್ದರೂ, ಅದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗುವುದಕ್ಕಿಂತ ಖರೇದಿಗೆ ಮುಂಚೆ ತೆರಿಗೆ ರಸೀದಿ ಕೇಳುವುದು ಅಗ್ಗ.

ಪೋಟಗಿ, ಅಂದರೆ ಜೀವನಾಂಶದ, ದಾವೆಗಳಲ್ಲಿ ಈ ಪದವನ್ನು ಬಿಟ್ಟುಬಿಡುವ ದೋಷ ಹೆಚ್ಚು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 27ನೇ ಕಲಮಿನ ಪ್ರಕಾರ, ಮೃತನ ಅವಲಂಬಿತರ ಜೀವನಾಂಶದ ಹಕ್ಕು ಅವನ ಆಸ್ತಿಯ ಮೇಲೆ ತಾನಾಗಿ ಚಾರ್ಜ್ ಆಗುವುದಿಲ್ಲ. ಮೃತ್ಯುಪತ್ರ, ಕೋರ್ಟಿನ ಡಿಕ್ರಿ ಅಥವಾ ಒಪ್ಪಂದದ ಮೂಲಕ ಅದನ್ನು ಉಂಟುಮಾಡಿರಬೇಕು. ಹೆಂಡತಿಯ ಪೋಟಗಿ ದಾವೆಯಲ್ಲಿಯೂ, ಇಂಥ ಸರ್ವೆ ನಂಬರಿನ ಜಮೀನಿನ ಮೇಲೆ ಚಾರ್ಜ್ ಉಂಟುಮಾಡಬೇಕೆಂದು ವಾದಪತ್ರದಲ್ಲಿಯೇ ಕೇಳಿ, ಡಿಕ್ರಿಯಾದ ಮೇಲೆ ಉತಾರದಲ್ಲಿ ನಮೂದಿಸಿಕೊಂಡರೆ, ಹೊಲ ಕೊಳ್ಳಲು ಬಂದವನು ಮೊದಲು ಆ ಹೆಣ್ಣುಮಗಳ ಬಾಕಿಯನ್ನು ವಿಚಾರಿಸಬೇಕಾಗುತ್ತದೆ. ಆ ಒಂದು ಸಾಲು ಇಲ್ಲದ ಡಿಕ್ರಿಯನ್ನು ಹಿಡಿದುಕೊಂಡು, ಗಂಡ ಹೊಲ ಮಾರಿದ ಮೇಲೆ ಅಮಲ್ಜಾರಿಗೆ, ಅಂದರೆ ಡಿಕ್ರಿಯನ್ನು ಜಾರಿಗೊಳಿಸಿಕೊಳ್ಳಲು, ಬರುವ ತಾಯಂದಿರಿಗೆ ಹೇಳುವ ಉತ್ತರ ಕಷ್ಟದ್ದು.

ಕ್ರಿಮಿನಲ್ ಕೋರ್ಟಿನಲ್ಲಿ ಹೇರು ಮನುಷ್ಯನ ಮೇಲಿರುತ್ತದೆ. ತನಿಖೆಯ ಕೊನೆಗೆ ಪೊಲೀಸರು ಸಲ್ಲಿಸುವ ಕಾಗದವನ್ನು ನಾವೆಲ್ಲ ಚಾರ್ಜ್‌ಶೀಟ್ ಎನ್ನುತ್ತೇವೆ. ಕ್ರಿಮಿನಲ್ ಪ್ರಕರಣಗಳ ನಡಾವಳಿಯನ್ನು ಹೇಳುವ ಸಂಹಿತೆ ಅದನ್ನು ಪೊಲೀಸ್ ವರದಿ ಎಂದು ಕರೆಯುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಮು ಈಗ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, 193ನೇ ಕಲಮಾಗಿದೆ. ಅದು ಪೊಲೀಸರ ಅಭಿಪ್ರಾಯ. ಚಾರ್ಜ್ ಎಂಬುದು ಅದಾದ ನಂತರ ನ್ಯಾಯಾಧೀಶರು ಎರಡೂ ಕಡೆಯವರ ವಾದ ಕೇಳಿ, ಯಾವ ಅಪರಾಧ, ಯಾವ ಹೊತ್ತು, ಯಾವ ಜಾಗ ಎಂದು ಬರೆದು, ಆರೋಪಿಗೆ ಓದಿ ಹೇಳಿ, ‘ಒಪ್ಪುತ್ತೀಯಾ?’ ಎಂದು ಕೇಳುವ ಹಂತ. ಈ ಎರಡರ ನಡುವಿನ ತಾರೀಖುಗಳಿಗೆ ನಮ್ಮ ಡೈರಿಗಳಲ್ಲಿ ‘ಎಚ್‌ಬಿಸಿ’, ಅಂದರೆ ‘ಹಿಯರಿಂಗ್ ಬಿಫೋರ್ ಚಾರ್ಜ್’, ಎಂದು ಬರೆದಿರುತ್ತದೆ. ಚಾರ್ಜ್‌ಶೀಟಿನಲ್ಲಿ ಹೆಸರು ಬಂದ ಮಾತ್ರಕ್ಕೆ ಊರಿನಲ್ಲಿ ಶಿಕ್ಷೆಯಾದಂತೆ ಮಾತನಾಡುವವರು ಈ ‘ಎಚ್‌ಬಿಸಿ’ಯ ಮಹತ್ವವನ್ನು ತಿಳಿಯಬೇಕು. ಸಾಕಷ್ಟು ಆಧಾರವಿಲ್ಲವೆಂದು ಕಂಡರೆ ನ್ಯಾಯಾಧೀಶರು ಆರೋಪಿಯನ್ನು ಡಿಸ್ಚಾರ್ಜ್ ಮಾಡಬಹುದು, ಅಂದರೆ ಹೇರನ್ನು ಏರಿಸುವ ಮುಂಚೆಯೇ ತಡೆಯಬಹುದು. ಹೊಸ ಸಂಹಿತೆ ಇದಕ್ಕೆ ಅವಧಿ ಕಟ್ಟಿದೆ: ಸೆಶನ್ಸ್ ಪ್ರಕರಣದಲ್ಲಿ, ಮ್ಯಾಜಿಸ್ಟ್ರೇಟರು ಅದನ್ನು ಸೆಶನ್ಸ್ ಕೋರ್ಟಿಗೆ ಒಪ್ಪಿಸಿದ ದಿನದಿಂದ 60 ದಿನಗಳೊಳಗೆ ಆರೋಪಿಯು ಡಿಸ್ಚಾರ್ಜ್ ಅರ್ಜಿ ಸಲ್ಲಿಸಬೇಕು.

ಡಿಸ್ಚಾರ್ಜ್ ಆದವರು ‘ಖುಲಾಸೆ ಆತು’ ಎಂದು ಪೇಢೆ ಹಂಚುವುದುಂಟು. ಬಿಡುಗಡೆಯೇನೋ ಹೌದು, ಆದರೆ ವಿಚಾರಣೆ ನಡೆದು ನಿರ್ದೋಷಿಯೆಂದು ಹೊರಬೀಳುವ ಖುಲಾಸೆಯ ತೀರ್ಪು ಬೇರೆ. ಒಮ್ಮೆ ಖುಲಾಸೆಯಾದವನನ್ನು, ಆ ತೀರ್ಪು ಊರ್ಜಿತವಾಗಿರುವವರೆಗೆ, ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲ. ಡಿಸ್ಚಾರ್ಜಿಗೆ ಆ ರಕ್ಷಣೆ ಇಲ್ಲ, ಹೊಸ ಆಧಾರ ಸಿಕ್ಕರೆ ಪ್ರಕರಣ ಮತ್ತೆ ಎದ್ದೀತು. ಇನ್ನು ಚೆಕ್ ಬೌನ್ಸಿನಂಥ ಸಮನ್ಸ್ ಪ್ರಕರಣಗಳಲ್ಲಿ ಔಪಚಾರಿಕವಾಗಿ ಚಾರ್ಜ್ ರಚಿಸುವ ಅಗತ್ಯವೇ ಇಲ್ಲ. ಆಪಾದನೆಯ ಸಾರ ತಿಳಿಸಿ ಉತ್ತರ ಬರೆದುಕೊಳ್ಳುತ್ತಾರೆ.

ಹಣಕಾಸಿನ ಕಾಗದಗಳಲ್ಲಿ ‘ಫಿಕ್ಸ್ಡ್ ಚಾರ್ಜ್’ ಎಂಬ ಒಂದೇ ಜೋಡಿಪದ ಎರಡು ವೇಷ ಹಾಕುತ್ತದೆ. ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ಲಿನಲ್ಲಿ ಅದು ಮಂಜೂರಾದ ಲೋಡಿಗೆ ತಕ್ಕಂತೆ ತಿಂಗಳಿಗೆ ಕಟ್ಟಬೇಕಾದ ನಿಗದಿತ ಶುಲ್ಕ. ಕಂಪನಿ ಕಾನೂನಿನಲ್ಲಿ, ನಿರ್ದಿಷ್ಟ ಕಟ್ಟಡ ಅಥವಾ ಯಂತ್ರದ ಮೇಲೆ ಸಾಲ ಕೊಟ್ಟ ಬ್ಯಾಂಕು ಪಡೆದ ಭದ್ರತೆ; ದಿನದಿನವೂ ಬದಲಾಗುವ ದಾಸ್ತಾನಿನ ಮೇಲಿನದು ಫ್ಲೋಟಿಂಗ್ ಚಾರ್ಜ್. 2013ರ ಕಂಪನಿ ಕಾಯ್ದೆಯ 77ನೇ ಕಲಮಿನ ಪ್ರಕಾರ ಇಂಥ ಚಾರ್ಜನ್ನು ಸಾಮಾನ್ಯವಾಗಿ 30 ದಿನಗಳೊಳಗೆ ನೋಂದಾಯಿಸಬೇಕು, ಮತ್ತು ಹಾಗೆ ನೋಂದಣಿಯಾದ ಚಾರ್ಜುಗಳ ಸೂಚಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಅಥಣಿ, ಮುಧೋಳ, ಜಮಖಂಡಿಯ ಕಡೆ ಕಬ್ಬಿನ ಬಾಕಿಗಾಗಿ ಕಾಯುವ ರೈತರು, ಕಾರ್ಖಾನೆ ಕಂಪನಿಯಾಗಿದ್ದರೆ, ಅದರ ಆಸ್ತಿ ಈಗಾಗಲೇ ಯಾರ ಹೇರು ಹೊತ್ತಿದೆ ಎಂಬುದನ್ನು ಅಲ್ಲಿ ನೋಡಬಹುದು. ಸಹಕಾರಿ ಕಾರ್ಖಾನೆಗೆ ಈ ದಾರಿ ಇಲ್ಲ.

ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಕೇಳಿಬರುವ ಇನ್ನೊಂದು ಚಾರ್ಜ್ ಸಂವಿಧಾನದ 202ನೇ ಅನುಚ್ಛೇದದ್ದು. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸಭಾಧ್ಯಕ್ಷರ ಸಂಬಳ, ರಾಜ್ಯದ ಸಾಲದ ಬಡ್ಡಿ ಮೊದಲಾದವು ರಾಜ್ಯದ ಬೊಕ್ಕಸವಾದ ಸಂಚಿತ ನಿಧಿಯ ಮೇಲೆಯೇ ಹೇರಿದ ವೆಚ್ಚಗಳು. ಆಯವ್ಯಯದ ಕನ್ನಡದಲ್ಲಿ ಇವಕ್ಕೆ ‘ಪ್ರಭೃತ’ ಎನ್ನುತ್ತಾರೆ. ಶಾಸಕರು ಇವನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ.

ಉಳಿದದ್ದು ಹುದ್ದೆಯ ಚಾರ್ಜ್. ‘ಪ್ರಭಾರ’ ಎಂದು ಸಹಿಯ ಕೆಳಗೆ ಬರೆದ ಅಧಿಕಾರಿಯ ಆದೇಶವೆಲ್ಲ ಬಿದ್ದುಹೋಗುತ್ತದೆಂದು ವಾದಿಸಲು ಬರುವವರಿದ್ದಾರೆ, ಅದು ಅತಿಯಾಯಿತು. ಆದರೆ ದೈನಂದಿನ ಕೆಲಸದ ಪ್ರಭಾರ ವಹಿಸಿದ ಮಾತ್ರಕ್ಕೆ, ಕಾಯ್ದೆಯು ಆ ಹುದ್ದೆಗೆಂದೇ ಕೊಟ್ಟ ಶಾಸನಬದ್ಧ ಅಧಿಕಾರ ತಾನಾಗಿ ಬರುವುದಿಲ್ಲವೆಂಬುದು ಸೇವಾ ಕಾನೂನಿನಲ್ಲಿ ನೆಲೆಗೊಂಡ ತತ್ವ. ಆದ್ದರಿಂದ ಪ್ರಭಾರ ಅಧಿಕಾರಿಯ ಆದೇಶದ ವಿರುದ್ಧ ಮೇಲ್ಮನವಿಗೆ ಬರುವವರು, ಆದೇಶದ ನಕಲಿನ ಜೊತೆಗೆ ಅವರಿಗೆ ಪ್ರಭಾರ ವಹಿಸಿದ ಆದೇಶದ ನಕಲನ್ನೂ ತೆಗೆಸಿಕೊಂಡು ಬರಬೇಕು. ಏನನ್ನು ಹೇರಲಾಗಿತ್ತು ಎಂಬುದು ಆ ಎರಡನೆಯ ಕಾಗದದಲ್ಲಿರುತ್ತದೆ.