ಮಳೆಗಾಲದ ಕೆಮ್ಮು ಮತ್ತು ನಾಲ್ಕು ಪ್ರಶ್ನೆ

ಕೆಮ್ಮಿದೆಯಾ? ಜ್ವರ ಬರ್ತಿದೆಯಾ? ತೂಕ ಇಳಿದಿದೆಯಾ? ರಾತ್ರಿ ಬೆವರ್ತೀರಾ? ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗೆ ಬಂದವರಿಗೆ, ಕ್ಷಯದ (ಟಿಬಿ) ಸುಳಿವಿಗಾಗಿ, ಪ್ರತಿ ಸಲವೂ ಈ ನಾಲ್ಕನ್ನು ಕೇಳಲೇಬೇಕು. ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದಿದ್ದ ಅಕ್ಕನೊಬ್ಬರು ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮುತ್ತಲೇ, "ಏನಿಲ್ಲ ಮೇಡಂ, ಮಳೆ ಹಿಡಿದಿದೆಯಲ್ಲ, ಶೀತ. ಕಷಾಯ ಕುಡೀತಿದೀನಿ" ಅಂದರು. ಆಷಾಢದಲ್ಲಿ ಮಲೆನಾಡಿನ ಯಾವ ಮನೆಯಲ್ಲಿ ಕೆಮ್ಮಿರುವುದಿಲ್ಲ? ಸಮಾಲೋಚಕಿ ಬಿಡಲಿಲ್ಲ. ತೂಕ ನೋಡಿದರು, ಪುಸ್ತಕದಲ್ಲಿ ಹಿಂದಿನ ತಿಂಗಳ ತೂಕ ಹುಡುಕಿದರು, ಕಫದ ಡಬ್ಬಿ ಕೈಗಿತ್ತರು.

ಎಚ್‌ಐವಿ ವೈರಸ್ ಪತ್ತೆಯಾಗುವ ಮೊದಲೇ ಅದು ತರುವ ಕಾಯಿಲೆ ಬೇರೆ ಸೋಂಕಿನ ರೂಪದಲ್ಲಿ ಕಣ್ಣಿಗೆ ಬಿದ್ದಿತ್ತು. 1981ರಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾ ಅದು. ಭಾರತದಲ್ಲಿ 1986ರಲ್ಲಿ ಚೆನ್ನೈನಲ್ಲಿ ಎಚ್‌ಐವಿ ಮೊದಲು ಕಂಡಾಗ, ಕ್ಷಯ ಇಲ್ಲಿ ಬೇರುಬಿಟ್ಟೇ ಇತ್ತು. ಎಷ್ಟೋ ಜನರ ಮೈಯಲ್ಲಿ ಅದರ ರೋಗಾಣು ಸುಮ್ಮನೆ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದರೆ ಎದ್ದು ಕೂರುತ್ತದೆ. ಎಚ್‌ಐವಿ ಸೋಂಕಿತರ ಸಾವಿಗೆ ಮುಖ್ಯ ಕಾರಣ ಇಂದಿಗೂ ಕ್ಷಯವೇ. ಹೀಗಿದ್ದೂ ಎರಡಕ್ಕೂ ಬೇರೆ ಬೇರೆ ಕಾರ್ಯಕ್ರಮ, ಬೇರೆ ಬೇರೆ ಬಾಗಿಲು. ಇವನ್ನು ಜೋಡಿಸುವ ಕೆಲಸ 2001ರಲ್ಲಷ್ಟೇ ಶುರುವಾಯಿತು. ಸರ್ಕಾರದ ಉಚಿತ ಎಆರ್‌ಟಿ ಬಂದದ್ದು 2004ರಲ್ಲಿ.

ಪರೀಕ್ಷೆಯೇ ದೊಡ್ಡ ತೊಡಕಾಗಿತ್ತು. ಕ್ಷಯ ಹತ್ತಿದ ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ಗುಳಿ ಬಿದ್ದು, ಅಲ್ಲಿಂದ ರೋಗಾಣು ಕಫಕ್ಕೆ ಬರುತ್ತದೆ. ನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಆ ಗುಳಿಯೇ ಬೀಳುವುದು ಕಡಿಮೆ. ಹಾಗಾಗಿ ಸೂಕ್ಷ್ಮದರ್ಶಕಕ್ಕೆ ಎಷ್ಟೋ ಸಲ ಏನೂ ಕಾಣುತ್ತಿರಲಿಲ್ಲ. 'ನೆಗೆಟಿವ್' ಚೀಟಿ ಹಿಡಿದು ನೆಮ್ಮದಿಯಿಂದ ಮನೆಗೆ ಹೋದವರು ಕ್ಷಯದಿಂದಲೇ ತೀರಿಕೊಂಡರು. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಸುಮಾರು ಎರಡು ಗಂಟೆಯಲ್ಲಿ ರೋಗಾಣುವಿನ ವಂಶವಾಹಿಯನ್ನೇ ಹಿಡಿಯುವ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು. ನಾಲ್ಕು ಪ್ರಶ್ನೆಗಳ ಸೂತ್ರ ಅದರ ಮರುವರ್ಷದ್ದು.

ಆಮೇಲೆ ತಪಾಸಣೆಯ ಪಟ್ಟಿ ಬೆಳೆಯಿತು. ಸಿಫಿಲಿಸ್, ಹೆಪಟೈಟಿಸ್ ಸಿ ಸೇರಿದವು. ಹೆಪಟೈಟಿಸ್ ಬಿ ಇದೆಯೋ ಎಂದು ತಿಳಿದಿರಲೇಬೇಕು: ಎಆರ್‌ಟಿಯಲ್ಲಿರುವ ಟೆನೊಫೊವಿರ್ ಔಷಧಿ ಅದನ್ನೂ ಹದ್ದುಬಸ್ತಿನಲ್ಲಿಡುತ್ತದೆ, ಮಾತ್ರೆ ನಿಲ್ಲಿಸಿದರೆ ಯಕೃತ್ತಿಗೆ ಕುತ್ತು. ಸಿಡಿ4 (ರಕ್ತದ ನಿರೋಧಕ ಕಣಗಳ ಎಣಿಕೆ) ಬಹಳ ಇಳಿದವರಲ್ಲಿ, ತಲೆನೋವು ಶುರುವಾಗುವ ವಾರಗಳ ಮೊದಲೇ, ಮಿದುಳಿಗೇರುವ ಶಿಲೀಂಧ್ರದ ಸುಳಿವು ರಕ್ತದಲ್ಲಿ ಸಿಗುತ್ತದೆ.

ನನ್ನ ಪ್ರಕಾರ ದೊಡ್ಡ ಬದಲಾವಣೆ ಯಂತ್ರದ್ದಲ್ಲ, ಕಿಟಕಿಯದು. ಕ್ಷಯದ ಔಷಧಿಯೂ ಈಗ ಎಆರ್‌ಟಿ ಕೇಂದ್ರದಲ್ಲೇ ಸಿಗುತ್ತದೆ. ಊರಿನ ಆಸ್ಪತ್ರೆಯಲ್ಲಿ ಗುರುತಿನವರು ಕಂಡಾರೆಂದು ಬಸ್ಸು ಹತ್ತಿ ದೂರ ಬರುವವರಿಗೆ ಎರಡನೆಯ ಸಾಲಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ.

ಆ ಅಕ್ಕನಿಗೆ ಕ್ಷಯವೇ ಇತ್ತು. ಎರಡೂ ಮಾತ್ರೆಗಳನ್ನು ಒಂದೇ ಕಡೆ ಪಡೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕೊಡೆ ಬಿಚ್ಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.